ಮುಖ ಉರಿಯುತ್ತಿದೆ, ತಪ್ಪು ಯಾವ ಬಾಟಲಿಯದು?

"ದೊಡ್ಡಮ್ಮ, ಬರೀ ನೀರು ಹಾಕಿದ್ರೂ ಉರೀತದೆ" ಎಂದು ತಂಗಿಯ ಮಗಳು ಬಂದು ಕೂತದ್ದು ಏಪ್ರಿಲ್ ತಿಂಗಳ ಒಂದು ಸಂಜೆ. ಮಣಿಪಾಲದಲ್ಲಿ ಓದುವ ಹುಡುಗಿ. ಎರಡೂ ಕೆನ್ನೆ ಕೆಂಪು, ಆ ಕೆಂಪಿನ ಮೇಲೆ ಮೇಣ ಸವರಿದಂಥ ಹೊಳಪು, ಮೂಗಿನ ಪಕ್ಕದಲ್ಲಿ ಸಣ್ಣ ಸಣ್ಣ ಸಿಪ್ಪೆ. ಬ್ಯಾಗಿನಿಂದ ಒಂದೊಂದೇ ಬಾಟಲಿ ತೆಗೆದು ಮೇಜಿನ ಮೇಲೆ ಸಾಲಾಗಿ ಇಟ್ಟಳು. ಒಟ್ಟು ಏಳು. "ಇದ್ರಲ್ಲಿ ನಂಗೆ ಯಾವುದು ಆಗ್ಲಿಲ್ಲ, ಹೇಳಿ."

ನಾನು ಉಡುಪಿಯಲ್ಲಿ ಮೆಡಿಕಲ್ ಶಾಪ್ ನಡೆಸುವವಳು. ಕೌಂಟರಿನ ಆಚೆಯಿಂದ ಇದೇ ಪ್ರಶ್ನೆಯನ್ನು ಎಷ್ಟೋ ಸಲ ಕೇಳಿದ್ದೇನೆ. ದಾರಿ ತಪ್ಪಿಸುವುದು ಈ ಪ್ರಶ್ನೆಯೇ. "ಯಾವುದು" ಎಂದು ಒಂದನ್ನೇ ಹುಡುಕಲು ಹೊರಟರೆ ಉತ್ತರ ಸಿಗುವುದು ಕಡಿಮೆ. ಆ ಏಳರಲ್ಲಿ ಒಂದೊಂದೂ ತನ್ನಷ್ಟಕ್ಕೆ ಒಳ್ಳೆಯ ಸಾಮಾನೇ ಆಗಿತ್ತು. ಎಲ್ಲ ಸೇರಿ ಆದ ಹೊರೆಯನ್ನು ಚರ್ಮಕ್ಕೆ ಹೊರಲು ಆಗಲಿಲ್ಲ, ಅಷ್ಟೇ. ನಮ್ಮಂಥ ಕಂದು ಮೈಬಣ್ಣದವರಿಗೆ ಇದರ ಬೆಲೆ ಹೆಚ್ಚು: ಉರಿ, ಕೆಂಪು ಎರಡು ವಾರದಲ್ಲಿ ಇಳಿದರೂ, ಅದು ಬಿಟ್ಟುಹೋಗುವ ಕಪ್ಪು ಕಲೆ ತಿಂಗಳುಗಟ್ಟಲೆ ಇರುತ್ತದೆ. ಕಲೆ ತೆಗೆಯಲು ಹಚ್ಚಿದ್ದೇ ಕಲೆ ಮಾಡುತ್ತದೆ. ನಾನು ಇದನ್ನು ಇಷ್ಟು ಉದ್ದ ಬರೆಯಲು ಕಾರಣವೂ ಅದೇ.

ಮೊದಲು ಒಂದು ಪರೀಕ್ಷೆ

ಮುಖವನ್ನು ತಣ್ಣೀರಿನಲ್ಲಿ ತೊಳೆದು, ಒರೆಸದೆ ಒತ್ತಿ ಆರಿಸಿ, ಪರಿಮಳವಿಲ್ಲದ ಸಾದಾ ಮಾಯಿಶ್ಚರೈಸರ್ ಹಚ್ಚಿ. ಏನೂ ಆಗದಿದ್ದರೆ ಚರ್ಮದ ಮೇಲ್ಪದರ ಗಟ್ಟಿ ಇದೆ, ದೋಷ ಬೇರೆಲ್ಲೋ ಇದೆ. ಚುರುಚುರು ಎಂದರೆ ಮೇಲ್ಪದರವೇ ಸವೆದಿದೆ. ಆಗ ಯಾವ ಬಾಟಲಿಯನ್ನೂ ಪರೀಕ್ಷಿಸುವುದರಲ್ಲಿ ಅರ್ಥವಿಲ್ಲ. ಯಾವುದನ್ನು ಹಚ್ಚಿದರೂ ಉರಿಯುತ್ತದೆ, ನೀವು ನಿರಪರಾಧಿಯನ್ನು ಹಿಡಿದು ಕೂರಿಸುತ್ತೀರಿ.

ಈ ಮೇಲ್ಪದರ ಎಂದರೆ ಎಷ್ಟು ತೆಳ್ಳಗಿನದು ಎಂಬುದು ನೆನಪಿರಲಿ. ಮುಖದಲ್ಲಿ ಅದು ಮಿಲಿಮೀಟರಿನ ನೂರರ ಒಂದೆರಡು ಭಾಗ ಮಾತ್ರ. ನಮ್ಮ ಹಳೆ ಮನೆಗಳ ಹಂಚಿನ ಮಾಡಿನ ಹಾಗೆ ಸತ್ತ ಕೋಶಗಳು ಒಂದರ ಮೇಲೊಂದು ಅಂಚು ಹೊದ್ದು ಮಲಗಿರುತ್ತವೆ, ನಡುವೆ ಸೆರಮೈಡ್, ಕೊಲೆಸ್ಟರಾಲ್, ಕೊಬ್ಬಿನಾಮ್ಲಗಳ ಜಿಡ್ಡು. ಹಂಚು ಒಂದು ಜಾರಿದರೆ ಆಟಿಯ ಮಳೆ ಒಳಗೆ ಬಂದೇ ಬರುತ್ತದೆ. ಗ್ಲೈಕೋಲಿಕ್, ಸ್ಯಾಲಿಸಿಲಿಕ್‌ನಂಥ ಆಸಿಡ್‌ಗಳು ಆ ಕೋಶಗಳ ಹಿಡಿತ ಸಡಿಲಿಸುತ್ತವೆ. ರೆಟಿನಾಲ್ ಒಳಗಿನಿಂದ ಹೊಸ ಕೋಶಗಳನ್ನು ಬೇಗ ಬೇಗ ಮೇಲಕ್ಕೆ ತಳ್ಳುತ್ತದೆ. ಬೆಂಜಾಯಿಲ್ ಪೆರಾಕ್ಸೈಡ್ ಒಣಗಿಸುತ್ತದೆ. ಮೂರೂ ಒಂದೇ ವಾರದಲ್ಲಿ ಬಂದರೆ ಮಾಡು ಉಳಿಯುವುದಿಲ್ಲ.

ಹಾಗಾಗಿ ಉರಿ ಇದ್ದವರಿಗೆ ಮೊದಲ ಕೆಲಸ: ಎಲ್ಲವನ್ನೂ ನಿಲ್ಲಿಸುವುದು. ಒಂದನ್ನು ಬಿಟ್ಟು ಉಳಿದದ್ದನ್ನು ಮುಂದುವರಿಸುವುದಲ್ಲ, ಎಲ್ಲವನ್ನೂ. ನೊರೆ ಕಡಿಮೆ ಬರುವ ಮೃದು ಫೇಸ್‌ವಾಶ್ ರಾತ್ರಿ ಒಮ್ಮೆ, ಬೆಳಿಗ್ಗೆ ನೀರು ಸಾಕು. ಗ್ಲಿಸರಿನ್ ಅಥವಾ ಸೆರಮೈಡ್ ಇರುವ ಮಾಯಿಶ್ಚರೈಸರ್ ದಿನಕ್ಕೆ ಎರಡು ಮೂರು ಸಲ. ಸಿಪ್ಪೆ ಏಳುವ ಮೂಗಿನ ಬದಿಗೆ ರಾತ್ರಿ ಒಂದು ಚೂರು ಪೆಟ್ರೋಲಿಯಂ ಜೆಲ್ಲಿ. ಹಗಲು ಸನ್‌ಸ್ಕ್ರೀನ್. ಅದೂ ಉರಿದರೆ ಜಿಂಕ್ ಆಕ್ಸೈಡ್ ಇರುವುದನ್ನು ಹುಡುಕಿ, ಅದು ಸಾಮಾನ್ಯವಾಗಿ ಸುಮ್ಮನಿರುತ್ತದೆ. ಹೀಗೆ ಎರಡರಿಂದ ನಾಲ್ಕು ವಾರ. ಚರ್ಮ ಹೊಸದಾಗಲು ಹೆಚ್ಚುಕಡಿಮೆ 28 ದಿನ ಬೇಕು, ಸವೆದದ್ದು ವಾಸಿಯಾಗುವುದನ್ನು ಯಾರೂ ಅವಸರಪಡಿಸಲು ಆಗುವುದಿಲ್ಲ.

"ಇಷ್ಟು ಸೆಕೆಯಲ್ಲಿ ಮಾಯಿಶ್ಚರೈಸರ್ ಬೇರೆ ಬೇಕಾ?" ಎಂದು ಕರಾವಳಿಯ ಎಲ್ಲರೂ ಕೇಳುತ್ತಾರೆ. ಮುಖ ಬೆವರಿನಲ್ಲಿ ಒದ್ದೆಯಾಗಿದೆ ಎಂದರೆ ಚರ್ಮದೊಳಗೆ ನೀರು ನಿಂತಿದೆ ಎಂದಲ್ಲ. ಸವೆದ ಚರ್ಮದ ಮೇಲೆ ಬೆವರಿನ ಉಪ್ಪು ಇನ್ನಷ್ಟು ಉರಿಸುತ್ತದೆ. ದಪ್ಪ ಕ್ರೀಮ್ ಬೇಡ, ತೆಳ್ಳಗಿನ ಲೋಷನ್ ಅಥವಾ ಜೆಲ್ ಸಾಕು. ಆದರೆ ಬಿಡಬೇಡಿ.

ಬಾಟಲಿಯ ಹಿಂಬದಿ

ಆ ಸಂಜೆ ನಾನು ಹುಡುಗಿಗೆ ಕನ್ನಡಕ ಕೊಟ್ಟು (ಅಕ್ಷರ ಅಷ್ಟು ಸಣ್ಣದು) ಹಿಂಬದಿ ಓದಲು ಹೇಳಿದೆ. ಫೇಸ್‌ವಾಶ್‌ನಲ್ಲಿ ಸ್ಯಾಲಿಸಿಲಿಕ್ ಆಸಿಡ್ ಶೇ. 2. ಟೋನರ್‌ನಲ್ಲಿ ಗ್ಲೈಕೋಲಿಕ್ ಆಸಿಡ್ ಶೇ. 7. ಬೆಳಗ್ಗಿನ ಸೀರಮ್‌ನಲ್ಲಿ ವಿಟಮಿನ್ ಸಿ ಶೇ. 15. ಇನ್ನೊಂದು ಸೀರಮ್‌ನಲ್ಲಿ ನಯಾಸಿನಮೈಡ್ (ವಿಟಮಿನ್ ಬಿ3ರ ಒಂದು ರೂಪ) ಶೇ. 10. ರಾತ್ರಿಯದ್ದು ರೆಟಿನಾಲ್ ಶೇ. 0.5. ಮೊಡವೆಗೆ ಚುಕ್ಕಿ ಇಡುವ ಜೆಲ್, ಬೆಂಜಾಯಿಲ್ ಪೆರಾಕ್ಸೈಡ್ ಶೇ. 2.5. ಏಳನೆಯದು ಸನ್‌ಸ್ಕ್ರೀನ್, ಅದರ ಸೀಲ್ ಕೂಡ ಪೂರ್ತಿ ಒಡೆದಿರಲಿಲ್ಲ.

"ನಾನು ಆಸಿಡ್ ಹಚ್ಚೋದು ಒಂದೇ" ಎಂದು ಅವಳು ನಂಬಿದ್ದಳು. ಫೇಸ್‌ವಾಶ್ ಲೆಕ್ಕಕ್ಕೆ ಬಂದಿರಲಿಲ್ಲ. ವಿಟಮಿನ್ ಸಿ ಕೂಡ ಆಸಿಡ್ ಎಂಬುದು ಗೊತ್ತಿರಲಿಲ್ಲ. ಎಲ್-ಆಸ್ಕಾರ್ಬಿಕ್ ಆಸಿಡ್ ಚರ್ಮದೊಳಗೆ ಇಳಿಯಬೇಕಾದರೆ ದ್ರಾವಣದ ಪಿಎಚ್ (ಹುಳಿಯ ಅಳತೆ, ಅಂಕಿ ಇಳಿದಷ್ಟೂ ಹುಳಿ ಹೆಚ್ಚು) 3.5ಕ್ಕಿಂತ ಕೆಳಗಿರಬೇಕು. ನಮ್ಮ ಚರ್ಮದ್ದು 5ರ ಆಸುಪಾಸು. ಅಂದರೆ ಅವಳ ಮುಖ ಬೆಳಿಗ್ಗೆ ಎರಡು ಸಲ, ರಾತ್ರಿ ಎರಡು ಸಲ ಆಸಿಡ್ ಕಾಣುತ್ತಿತ್ತು, ಅದರ ಮೇಲೆ ರೆಟಿನಾಲ್, ನಂತರ ಬಿಸಿಲಿಗೆ ಸ್ಕೂಟರಿನಲ್ಲಿ ಮಲ್ಪೆವರೆಗೆ. ಹಾಗೆ ಬಾಯಿಬಿಟ್ಟು ಲೆಕ್ಕ ಹೇಳಿದಾಗ ಅವಳೇ ಸುಮ್ಮನಾದಳು.

ಓದುವಾಗ ಹೆಸರುಗಳ ನೆಂಟಸ್ತಿಕೆ ಗೊತ್ತಿರಬೇಕು. ರೆಟಿನಾಲ್, ರೆಟಿನಾಲ್ಡಿಹೈಡ್, ಅಡಾಪಲೀನ್, ಟ್ರೆಟಿನಾಯಿನ್ ಎಲ್ಲ ಒಂದೇ ಮನೆಯವರು, ವಿಟಮಿನ್ ಎ ಕಡೆಯವರು. ಎರಡು ಬೇರೆ ಹೆಸರಿನ ಬಾಟಲಿಯಲ್ಲಿ ಇವರಿಬ್ಬರು ಇದ್ದರೆ ನೀವು ಒಂದೇ ಮದ್ದನ್ನು ಎರಡು ಸಲ ಹಚ್ಚುತ್ತಿದ್ದೀರಿ. ಗ್ಲೈಕೋಲಿಕ್, ಲ್ಯಾಕ್ಟಿಕ್, ಮ್ಯಾಂಡೆಲಿಕ್ ಇನ್ನೊಂದು ಮನೆ. ಸ್ಯಾಲಿಸಿಲಿಕ್ ಪಕ್ಕದ ಮನೆ, ಎಣ್ಣೆಯಲ್ಲಿ ಕರಗುವುದರಿಂದ ರಂಧ್ರದೊಳಗೆ ಇಳಿಯುತ್ತದೆ.

ಎಲ್ಲಿ ಉರಿಯುತ್ತದೆ ಎಂಬುದೇ ಅರ್ಧ ಉತ್ತರ

ಕೌಂಟರಿನಲ್ಲಿ ನಾನು ಮೊದಲು ನೋಡುವುದು ಜಾಗವನ್ನು. ಮೂಗಿನ ಮಡಿಕೆ, ಬಾಯಿಯ ಮೂಲೆ, ಕಣ್ಣಿನ ಅಂಚು ಸುಲಿದಿದ್ದರೆ ಹೆಚ್ಚಾಗಿ ರೆಟಿನಾಲ್ ಕಡೆಯದ್ದು. ಅದು ಮಡಿಕೆಗಳಲ್ಲಿ ಹೋಗಿ ಕೂರುತ್ತದೆ. ಹಚ್ಚುವ ಮೊದಲು ಆ ಮೂಲೆಗಳಿಗೆ ಸ್ವಲ್ಪ ಪೆಟ್ರೋಲಿಯಂ ಜೆಲ್ಲಿ ಇಟ್ಟರೆ ಅರ್ಧ ತೊಂದರೆ ಹೋಗುತ್ತದೆ. ಕೆನ್ನೆ ಪೂರ್ತಿ ಕೆಂಪಾಗಿ, ಎಳೆದಂತಾಗಿ ಹೊಳೆದರೆ ಆಸಿಡ್ ಜಾಸ್ತಿಯಾಗಿದೆ. ಕಣ್ಣಿನ ರೆಪ್ಪೆ ಊದಿ ತುರಿಸಿದರೆ ಅದು ಉರಿಯಲ್ಲ, ಅಲರ್ಜಿ. ಪರಿಮಳದಿಂದಲೋ ಉಗುರಿಗೆ ಹಚ್ಚಿದ ಬಣ್ಣದಿಂದಲೋ ಬಂದಿರಬಹುದು. ಉರಿ ಮತ್ತು ತುರಿಕೆಯ ವ್ಯತ್ಯಾಸ ದೊಡ್ಡದು. ಉರಿ ಎಂದರೆ ಪ್ರಮಾಣ ಕಡಿಮೆ ಮಾಡಿ ಮುಂದೆ ಹೋಗಬಹುದು. ಅಲರ್ಜಿಯಾದರೆ ಆ ವಸ್ತುವನ್ನು ಇನ್ನು ಮುಟ್ಟಬಾರದು, ಒಂದು ಹನಿಯೂ ಸಾಕಾಗುತ್ತದೆ.

ಹಣೆ, ಕೂದಲಿನ ಅಂಚು, ಎದೆ, ಬೆನ್ನಿನಲ್ಲಿ ಒಂದೇ ಅಳತೆಯ ಸಣ್ಣ ಗುಳ್ಳೆಗಳೆದ್ದು ತುರಿಸಿದರೆ ಮೊಡವೆಯೆಂದು ಆಸಿಡ್ ಸುರಿಯಬೇಡಿ. ಮಲಸೇಜಿಯಾ ಎಂಬ ಶಿಲೀಂಧ್ರ ಕೂದಲ ಬುಡದಲ್ಲಿ ಬೆಳೆದರೆ ಹೀಗಾಗುತ್ತದೆ. ನಮ್ಮ ಸೆಕೆ, ಬೆವರು, ಹೆಲ್ಮೆಟ್ ಅದಕ್ಕೆ ಅನುಕೂಲ. ಅದು ಕೊಬ್ಬಿನಾಮ್ಲ ತಿಂದು ಬದುಕುವುದರಿಂದ ರಾತ್ರಿ ತಲೆಗೆ ಹಾಕಿದ ತೆಂಗಿನೆಣ್ಣೆ ಹಣೆಗೆ ಇಳಿದರೆ ಅದಕ್ಕೆ ಊಟ. ತೆಂಗಿನೆಣ್ಣೆಯ ವಿಷಯ ಎತ್ತಿದರೆ ನಮ್ಮೂರಲ್ಲಿ ಹಿರಿಯರಿಗೆ ಬೇಸರವಾಗುತ್ತದೆ, ನನಗೆ ಗೊತ್ತು. ತಲೆಗೆ ಹಾಕುವುದನ್ನು ಬಿಡಿ ಎಂದು ನಾನು ಹೇಳುವುದಿಲ್ಲ. ಸ್ನಾನಕ್ಕೆ ಒಂದು ಗಂಟೆ ಮೊದಲು ಹಾಕಿ ತೊಳೆದುಬಿಡಿ, ಹಣೆಗೆ ಇಳಿಸಿಕೊಂಡು ಮಲಗಬೇಡಿ. ಗುಳ್ಳೆ ಹೋಗದಿದ್ದರೆ ಶಿಲೀಂಧ್ರದ ಮದ್ದು ಬೇಕು, ಅದನ್ನು ವೈದ್ಯರು ಬರೆಯಲಿ.

ಬಾಟಲಿಗೆ ಸಂಬಂಧವೇ ಇಲ್ಲದವು ಕೆಲವು ಇವೆ. ಏಪ್ರಿಲ್, ಮೇಯಲ್ಲಿ ಬಾಯಿಯ ಸುತ್ತ ಗುಳ್ಳೆಯೆದ್ದು ಕಪ್ಪಾಗುತ್ತಾ ಬಂದರೆ ನಾನು ಮೊದಲು ಕೇಳುವುದು, "ಕಾಟು ಮಾವಿನಹಣ್ಣು ಚೀಪಿದ್ದೀರಾ?" ಮಾವಿನ ಸೊನೆ ಮತ್ತು ಗೇರುಬೀಜದ ಸಿಪ್ಪೆಯ ಎಣ್ಣೆ ಒಂದೇ ಜಾತಿಯವು, ಚರ್ಮ ಸುಡುತ್ತವೆ. ಹೊಸ ಸೀರಮ್ ಪಾಪ, ಅದರ ಮೇಲೆ ದೂರು ಬರುತ್ತದೆ. ಹಾಗೆಯೇ ಲಿಂಬೆರಸ ಹಚ್ಚಿ ಬಿಸಿಲಿಗೆ ಹೋದರೆ ರಸ ಇಳಿದ ದಾರಿಯಲ್ಲೇ ಗೆರೆಗೆರೆಯಾಗಿ ಕಪ್ಪಾಗುತ್ತದೆ. ಅದರಲ್ಲಿರುವ ಒಂದು ವಸ್ತು ಬಿಸಿಲಿನೊಡನೆ ಸೇರಿ ಸುಡುತ್ತದೆ. ಮನೆಮದ್ದು ಎಂದಮಾತ್ರಕ್ಕೆ ಸೌಮ್ಯ ಎಂದಲ್ಲ, ಲಿಂಬೆರಸದ ಪಿಎಚ್ 2ರ ಹತ್ತಿರ ಇರುತ್ತದೆ.

ಕೌಂಟರಿನ ನಿಜವಾದ ಕೇಡು

ಈಗ ಬರೆಯುವುದನ್ನು ಯಾರೂ ಹಾರಿಸಿಕೊಂಡು ಹೋಗಬಾರದು ಎಂದು ನನ್ನ ಬೇಡಿಕೆ. ಏಳು ಬಾಟಲಿಗಳ ಉರಿ ವಾಸಿಯಾಗುವಂಥದ್ದು. ಇದು ಹಾಗಲ್ಲ.

ಒಂದು ಸಣ್ಣ ಟ್ಯೂಬ್. ಪಕ್ಕದ ಮನೆಯವರೋ ಪಾರ್ಲರಿನವರೋ ಹೇಳಿದ್ದು. ಹಚ್ಚಿ ಒಂದೆರಡು ವಾರದಲ್ಲೇ ಮುಖ ಬೆಳ್ಳಗೆ, ನುಣ್ಣಗೆ. ಒಂದು ಮೊಡವೆಯೂ ಇಲ್ಲ. ನಿಲ್ಲಿಸಿದರೆ ಮೂರೇ ದಿನದಲ್ಲಿ ಕೆಂಪು, ಉರಿ, ಗುಳ್ಳೆ. ಪುನಃ ಹಚ್ಚಿದರೆ ಸರಿ. ಹೀಗೆ ನಡೆಯುತ್ತಿದ್ದರೆ ಆ ಟ್ಯೂಬಿನಲ್ಲಿ ಸ್ಟೀರಾಯ್ಡ್ ಇದೆ ಎಂದೇ ಸಂಶಯಪಡಿ. ಮೊಮೆಟಾಸೋನ್, ಬೀಟಾಮೆಥಾಸೋನ್, ಕ್ಲೊಬೆಟಾಸೋಲ್, ಫ್ಲೂಸಿನೊಲೋನ್ ಎಂಬ ಹೆಸರು ಪೆಟ್ಟಿಗೆಯ ಮೇಲೆ ಹುಡುಕಿ. ಮೊಮೆಟಾಸೋನ್, ಹೈಡ್ರೋಕ್ವಿನೋನ್, ಟ್ರೆಟಿನಾಯಿನ್ ಮೂರೂ ಸೇರಿದ ಕ್ರೀಮ್ ಬಂಗಿಗೆ (ಮುಖದ ಕಂದು ಕಲೆಗೆ) ವೈದ್ಯರು ಕೆಲವೇ ವಾರಕ್ಕೆಂದು ಬರೆಯುವಂಥದ್ದು. ಅದನ್ನು ಜನ ಫೇರ್‌ನೆಸ್ ಕ್ರೀಮ್‌ನಂತೆ ವರ್ಷಗಟ್ಟಲೆ ಹಚ್ಚುತ್ತಾರೆ. ಚರ್ಮ ತೆಳುವಾಗಿ ರಕ್ತನಾಳ ಜೇಡರ ಬಲೆಯಂತೆ ಕಾಣಿಸುತ್ತದೆ, ಹುಡುಗಿಯರ ಗಲ್ಲದ ಮೇಲೆ ಕೂದಲು ಬರುತ್ತದೆ. 2018ರಲ್ಲಿ ಕೇಂದ್ರ ಸರ್ಕಾರ ಇಂಥ ಹಲವು ಸ್ಟೀರಾಯ್ಡ್ ಕ್ರೀಮ್‌ಗಳನ್ನು ಚೀಟಿ ಇಲ್ಲದೆ ಕೊಡಬಾರದೆಂದು ಷೆಡ್ಯೂಲ್ ಎಚ್‌ಗೆ ಸೇರಿಸಿತು. ಆದರೂ ಕೇಳಿದರೆ ಕೊಡುವ ಅಂಗಡಿಗಳಿವೆ. ನನ್ನ ವೃತ್ತಿಯವರೇ ಕೊಡುತ್ತಾರೆ ಎಂದು ಬರೆಯುವಾಗ ನನಗೆ ನೋವಾಗುತ್ತದೆ.

ಒಬ್ಬ ಹೆಂಗಸು ಖಾಲಿಯಾದ ಟ್ಯೂಬನ್ನು ಕೊನೆಯವರೆಗೂ ಸುರುಳಿ ಸುತ್ತಿ ತಂದು, "ಅಕ್ಕ, ಇದೇ ಕೊಡಿ, ನಾಡಿದ್ದು ಮದುವೆಗೆ ಹೋಗ್ಲಿಕ್ಕುಂಟು" ಎಂದರು. ಎಷ್ಟು ಸಮಯದಿಂದ ಹಚ್ಚುತ್ತಿದ್ದೀರಿ ಎಂದರೆ ಎರಡು ವರ್ಷ. ನಾನು ಕೊಡಲಿಲ್ಲ. ಅವರು ಬೇಸರ ಮಾಡಿಕೊಂಡರು. ಆದರೆ ಚರ್ಮದ ಡಾಕ್ಟರ ಬಳಿ ಹೋಗಲು ಒಪ್ಪಿದರು. ಇಂಥವರು ತಾವೇ ಒಮ್ಮೆಲೇ ನಿಲ್ಲಿಸಿ ಮನೆಯಲ್ಲಿ ಕೂತರೆ ಮುಖ ಬೆಂಕಿಯಂತಾಗಿ ಹೆದರಿ ಪುನಃ ಅದೇ ಟ್ಯೂಬಿಗೆ ಮರಳುತ್ತಾರೆ. ಹೇಗೆ ಇಳಿಸಬೇಕೆಂದು ವೈದ್ಯರೇ ಹೇಳಬೇಕು. ಮೇಲೆ ಹೇಳಿದ ಎಲ್ಲ ನಿಲ್ಲಿಸುವ ಉಪಾಯ ಇವರಿಗೆ ಸಾಲದು.

ಯಾವುದು ಯಾವುದರ ಜೊತೆ

ಇದರ ಬಗ್ಗೆ ಹೆದರಿಕೆ ಹೆಚ್ಚು, ತಿಳಿವಳಿಕೆ ಕಡಿಮೆ. ವಿಟಮಿನ್ ಸಿ ಮತ್ತು ನಯಾಸಿನಮೈಡ್ ಒಟ್ಟಿಗೆ ಹಚ್ಚಬಾರದು ಎಂಬ ಮಾತು ತುಂಬಾ ಬಿಸಿಯಲ್ಲಿ ಮಾಡಿದ ಹಳೆಯ ಪ್ರಯೋಗಗಳಿಂದ ಬಂದದ್ದು. ಅಲ್ಲಿ ಇದ್ದಂಥ ಬಿಸಿ ನಮ್ಮ ಮುಖದ ಮೇಲೆ ಆಗುವುದಿಲ್ಲ. ಒಟ್ಟಿಗೆ ಹಚ್ಚಬಹುದು. ನಯಾಸಿನಮೈಡ್ ಶೇ. 4-5ರಲ್ಲೇ ಚೆನ್ನಾಗಿ ಕೆಲಸ ಮಾಡುತ್ತದೆ. ಶೇ. 10ಕ್ಕೆ ಕೆಲವರ ಮುಖ ಕೆಂಪಾಗುತ್ತದೆ, ಅಂಥವರು ಇಳಿಸಿಕೊಂಡರೆ ಸಾಕು. ರೆಟಿನಾಲ್ ಜೊತೆಗಂತೂ ಅದು ಒಳ್ಳೆಯ ಜೋಡಿ, ಒಣಗುವುದನ್ನು ತಡೆಯುತ್ತದೆ.

ರೆಟಿನಾಲ್ ಮತ್ತು ಆಸಿಡ್ ಒಂದೇ ರಾತ್ರಿ ಬೇಡ. ವಿಷವಾಗುತ್ತದೆ ಎಂದಲ್ಲ, ಎರಡೂ ಸವೆಸುವವು ಎಂಬ ಕಾರಣಕ್ಕೆ. ಸೋಮವಾರ, ಗುರುವಾರ ರೆಟಿನಾಲ್, ಶನಿವಾರ ಆಸಿಡ್, ಉಳಿದ ರಾತ್ರಿ ಬರೀ ಮಾಯಿಶ್ಚರೈಸರ್ ಎಂದು ವಾರ ಹಂಚಿಕೊಳ್ಳಿ. ಆ ಖಾಲಿ ರಾತ್ರಿಗಳಲ್ಲೇ ಚರ್ಮ ಸುಧಾರಿಸಿಕೊಳ್ಳುವುದು.

ಬೆಂಜಾಯಿಲ್ ಪೆರಾಕ್ಸೈಡ್ ಟ್ರೆಟಿನಾಯಿನ್ ಅನ್ನು ಹಾಳುಮಾಡುತ್ತದೆ, ಬೆಳಕಿದ್ದರೆ ಇನ್ನೂ ಬೇಗ. ಹಾಗಾಗಿ ಒಂದು ಬೆಳಿಗ್ಗೆ, ಒಂದು ರಾತ್ರಿ. ಅಡಾಪಲೀನ್‌ಗೆ ಆ ತೊಂದರೆ ಇಲ್ಲ, ಎರಡೂ ಸೇರಿಸಿದ ಜೆಲ್ ಒಂದೇ ಟ್ಯೂಬಿನಲ್ಲಿ ಬರುತ್ತದೆ. ವಿಟಮಿನ್ ಸಿಯನ್ನೂ ಅದೇ ಪೆರಾಕ್ಸೈಡ್ ಕೆಡಿಸುವುದರಿಂದ ಅವೆರಡನ್ನೂ ಬೇರೆ ಬೇರೆ ಹೊತ್ತಿಗೆ ಇಡಿ. ಶೇ. 2.5ರ ಪೆರಾಕ್ಸೈಡ್ ಮೊಡವೆಗೆ ಶೇ. 10ರಷ್ಟೇ ಕೆಲಸ ಮಾಡುತ್ತದೆ, ಉರಿ ಕಡಿಮೆ. ದಿಂಬಿನ ಬಟ್ಟೆ, ಟವೆಲಿನ ಬಣ್ಣ ಹೋಗುತ್ತದೆ, ಬಿಳಿಯದ್ದನ್ನೇ ಬಳಸಿ.

ಗರ್ಭಿಣಿಯರು, ಆಗಬೇಕೆಂದು ಇರುವವರು ರೆಟಿನಾಲ್, ಅಡಾಪಲೀನ್, ಟ್ರೆಟಿನಾಯಿನ್ ಬಿಡಬೇಕು. ಕೇಳಲು ಸಂಕೋಚವಾದರೂ ನಾನು ಕೌಂಟರಿನಲ್ಲಿ ತಗ್ಗಿದ ದನಿಯಲ್ಲಿ ಕೇಳಿಯೇ ಕೇಳುತ್ತೇನೆ.

ಒಂದೊಂದಾಗಿ ವಾಪಸ್

ಮೂರು ವಾರ ಕಳೆದು ಮಾಯಿಶ್ಚರೈಸರ್ ಹಚ್ಚಿದರೆ ಉರಿಯುವುದಿಲ್ಲ ಎಂದಾದ ಮೇಲೆ ಹುಡುಗಿಯ ಬಾಟಲಿಗಳನ್ನು ಪುನಃ ಮೇಜಿನ ಮೇಲೆ ಇಟ್ಟೆವು. ವಿಟಮಿನ್ ಸಿ ಮೊದಲೇ ಹೋಯಿತು: ಬಚ್ಚಲಿನ ಕಿಟಕಿಯಲ್ಲಿಟ್ಟದ್ದು ಹುಣಸೆ ನೀರಿನ ಬಣ್ಣಕ್ಕೆ ತಿರುಗಿತ್ತು. ಹೊಸದು ನೀರಿನಂತೆ ಅಥವಾ ತೆಳು ಹಳದಿ ಇರಬೇಕು. ಗಾಳಿ, ಬೆಳಕು, ಬಿಸಿ ಮೂರೂ ಅದಕ್ಕೆ ಆಗದು, ನಮ್ಮೂರಲ್ಲಿ ಫ್ರಿಜ್ಜಿನಲ್ಲೇ ಇಡಬೇಕು.

ಮೊದಲಿನಿಂದಲೂ ಇದ್ದದ್ದು ಸನ್‌ಸ್ಕ್ರೀನ್. ಎರಡು ಬೆರಳಿನುದ್ದಕ್ಕೆ ಹಿಂಡಿದಷ್ಟು, ಮುಖಕ್ಕೂ ಕುತ್ತಿಗೆಗೂ. ಹೊರಗೇ ಇದ್ದರೆ ಎರಡು ಗಂಟೆಗೊಮ್ಮೆ ಪುನಃ. ಮೋಡ ಕವಿದ ಜೂನ್‌ನಲ್ಲೂ ಬೇಕು, ಯುವಿಎ ಕಿರಣ ಮೋಡವನ್ನು ದಾಟಿ ಬರುತ್ತದೆ. ಆಮೇಲೆ ನಯಾಸಿನಮೈಡ್, ಎರಡು ವಾರ ಅದೊಂದೇ. ಆಮೇಲೆ ರೆಟಿನಾಲ್, ಆದರೆ ಶೇ. 0.5 ಅಲ್ಲ, ಶೇ. 0.2ರದ್ದು ತರಿಸಿದೆ. ವಾರಕ್ಕೆ ಎರಡು ರಾತ್ರಿ, ಪೂರ್ತಿ ಒಣಗಿದ ಮುಖಕ್ಕೆ ಬಟಾಣಿ ಕಾಳಿನಷ್ಟು, ಕೆಳಗೊಂದು ಪದರ ಮಾಯಿಶ್ಚರೈಸರ್, ಮೇಲೊಂದು. ಪ್ರತಿ ಹೊಸದನ್ನೂ ಮೊದಲು ಕಿವಿಯ ಹಿಂದೆ ನಾಲ್ಕೈದು ದಿನ ಹಚ್ಚಿ ನೋಡಿ, ಆಮೇಲೆ ಮುಖಕ್ಕೆ. ಎರಡು ಹೊಸ ಬಾಟಲಿಯನ್ನು ಒಂದೇ ವಾರದಲ್ಲಿ ತೆರೆದರೆ ಈ ತನಿಖೆ ಪೂರ್ತಿ ವ್ಯರ್ಥ.

ರೆಟಿನಾಲ್ ಶುರುವಾದ ಮೂರನೇ ವಾರ ಗಲ್ಲದಲ್ಲಿ ನಾಲ್ಕು ಮೊಡವೆ ಬಂದವು. ಫೋನ್ ಮಾಡಿ ಅಳುವ ದನಿಯಲ್ಲಿ ಕೇಳಿದಳು, ನಿಲ್ಲಿಸಲಾ ಎಂದು. ಯಾವಾಗಲೂ ಬರುವ ಜಾಗದಲ್ಲೇ ಬಂದಿದೆಯಾ? ಹೌದು. ಬೇಗ ಮಾಗಿ ಹೋಗುತ್ತಿವೆಯಾ? ಹೌದು. ಹಾಗಾದರೆ ಒಳಗೆ ಕಟ್ಟಿಕೊಂಡಿದ್ದದ್ದು ಹೊರಗೆ ಬರುತ್ತಿದೆ, ಆರೆಂಟು ವಾರದಲ್ಲಿ ಇಳಿಯುತ್ತದೆ. ಎಂದೂ ಬಾರದ ಜಾಗದಲ್ಲಿ ಬಂದರೆ, ಉರಿ ಕೆಂಪು ಜೊತೆಗಿದ್ದರೆ, ಅದು ಬೇರೆ ಕತೆ, ನಿಲ್ಲಿಸಬೇಕು. ಆಸಿಡ್‌ಗೂ ಇದೇ ಮಾತು. ನಯಾಸಿನಮೈಡ್, ವಿಟಮಿನ್ ಸಿ ಹಚ್ಚಿ ಮೊಡವೆ ಬಂದರೆ ಹೀಗೆ ಸಮಾಧಾನ ಹೇಳಿಕೊಳ್ಳಲು ಬರುವುದಿಲ್ಲ, ಅವು ಕೋಶಗಳ ಓಟವನ್ನು ಬದಲಿಸುವುದಿಲ್ಲ.

ಊದಿಕೊಂಡರೆ, ನೀರುಗುಳ್ಳೆ ಎದ್ದರೆ, ಸೋರಿದರೆ, ಕಣ್ಣಿಗೆ ತಾಗಿದರೆ ನನ್ನ ಹತ್ತಿರವೂ ಬರಬೇಡಿ, ನೇರ ಡಾಕ್ಟರ ಹತ್ತಿರ ಹೋಗಿ.

ಪಾರ್ಲರಿನ ವಿಷಯ ನಾನು ಹೇಳಲು ಮರೆತಿದ್ದೆ, ಅದರ ಫಲವನ್ನು ಅವಳು ಉಂಡಳು. ರೆಟಿನಾಲ್ ಹಚ್ಚುವ ಚರ್ಮಕ್ಕೆ ವ್ಯಾಕ್ಸ್ ಹಾಕಿ ಎಳೆದರೆ ಕೂದಲಿನೊಡನೆ ಚರ್ಮವೂ ಬರುತ್ತದೆ. ಮೇಲ್ತುಟಿಯ ಮೇಲೆ ಬೇಳೆಯಷ್ಟಗಲ ಕೆಂಪು ಹಸಿಗಾಯ, ಆಮೇಲೆ ಅದೇ ಜಾಗ ಕಂದು. ವ್ಯಾಕ್ಸಿಂಗ್‌ಗೆ ಒಂದು ವಾರ ಮೊದಲೇ ಆ ಜಾಗಕ್ಕೆ ರೆಟಿನಾಲ್ ನಿಲ್ಲಿಸಬೇಕು, ಥ್ರೆಡ್ಡಿಂಗ್‌ಗೂ ಅದೇ ಜಾಗ್ರತೆ. ಪಾರ್ಲರಿನವರಿಗೆ ಹೇಳಿಯೇ ಕೂರಬೇಕು. ಅವಳ ಕಂದು ಕಲೆ ಇಳಿಯಲು ದೀಪಾವಳಿ ಬರಬೇಕಾಯಿತು.

ಈಗ ಅವಳ ಕೋಣೆಯ ಕಪಾಟಿನಲ್ಲಿ ಐದು ಬಾಟಲಿಗಳಿವೆ: ಸಾದಾ ಫೇಸ್‌ವಾಶ್, ಮಾಯಿಶ್ಚರೈಸರ್, ನಯಾಸಿನಮೈಡ್, ರೆಟಿನಾಲ್, ಸನ್‌ಸ್ಕ್ರೀನ್. ಗ್ಲೈಕೋಲಿಕ್ ಟೋನರ್ ಅವಳಿಗೆ ಬೇಕೆನಿಸಲೇ ಇಲ್ಲ. ಪ್ರತಿ ಬಾಟಲಿಗೂ ಬಿಳಿ ಟೇಪು ಸುತ್ತಿ, ತೆರೆದ ದಿನವನ್ನು ಪೆನ್ನಿನಲ್ಲಿ ಬರೆದಿಟ್ಟಿದ್ದಾಳೆ.